ಹೋಲ್ಡ್‌ಓವರ್ ರೆಟಿಕಲ್ ಇರುವ ಸ್ಕೋಪ್ ಆರಿಸುವುದು ಹೇಗೆ? ನಮ್ಮ ಬಳ್ಳಾರಿ ಕಡೆಯವರಿಗೆ

ರೆಟಿಕಲ್ ಅಂದರೆ ಬಂದೂಕಿನ ಸ್ಕೋಪಿನೊಳಗೆ ಕಾಣುವ ಗುರಿ ಗೆರೆಗಳು, ಹೋಲ್ಡ್‌ಓವರ್ ಅಂದರೆ ಗುಂಡು ಬೀಳುವಷ್ಟು ಗುರಿಯನ್ನು ಎತ್ತಿ ಹಿಡಿಯುವುದು. ಸ್ಕೋಪಿನ ಪೆಟ್ಟಿಗೆ ಮೇಲೆ ಒಂದೊಂದು ಗೆರೆಗೆ 200, 300, 400, 500 ಗಜ ಎಂದು ಚಿತ್ರ ಹಾಕಿರುವುದನ್ನು ನೋಡಿ ದುಡ್ಡು ಕೊಡಬೇಡಿ. ಆ ಅಂಕಿಗಳು ನಿಮ್ಮ ಬಂದೂಕಿನವಲ್ಲ. ಕಂಪನಿಯವರು ತಮ್ಮ ದೇಶದಲ್ಲಿ ಜಾಸ್ತಿ ಓಡುವ ಯಾವುದೋ ಒಂದು ಗುಂಡು, ಅದಕ್ಕೊಂದು ವೇಗ, ಒಂದು ತಂಪು ಹವೆ ಇಟ್ಟುಕೊಂಡು ಹಾಕಿದ ಲೆಕ್ಕ ಅದು. ನಿಮ್ಮ ಕೈಯಲ್ಲಿ 0.177 ಏರ್‌ಗನ್ನೋ, 0.22 ರೈಫಲ್ಲೋ, ಮನೆಯಲ್ಲಿ ತಲೆಮಾರಿನಿಂದ ಬಂದ 0.315 ಬಂದೂಕೋ ಇದ್ದರೆ ಆ ಅಂಕಿಗಳಲ್ಲಿ ಒಂದೂ ಹೊಂದುವುದಿಲ್ಲ. ಹಾಗಂತ ಆ ಗೆರೆಗಳು ಕೆಲಸಕ್ಕೆ ಬರುವುದಿಲ್ಲ ಎಂದಲ್ಲ. ತುಂಬಾ ಚೆನ್ನಾಗಿ ಬರುತ್ತವೆ. ಆದರೆ ಯಾವ ಗೆರೆ ಎಷ್ಟು ದೂರಕ್ಕೆ ಎಂಬುದನ್ನು ನೀವೇ ಹೊಡೆದು ನೋಡಿ ಬರೆದುಕೊಳ್ಳಬೇಕು. ಹಾಗೆ ಬರೆದುಕೊಳ್ಳಲು ಸುಲಭವಾಗುವ ಸ್ಕೋಪ್ ಆರಿಸುವುದೇ ನಿಜವಾದ ಕೆಲಸ.

ಮೊದಲಿಗೆ ಇದು ಏನು ಎಂದು ಎರಡು ಮಾತು. ಗುಂಡು ನಳಿಗೆ ಬಿಟ್ಟ ಕ್ಷಣದಿಂದಲೇ ಬೀಳಲು ಶುರು ಮಾಡುತ್ತದೆ. ಸ್ಕೋಪ್ ನಳಿಗೆಗಿಂತ ನಾಲ್ಕೈದು ಸೆಂಟಿಮೀಟರ್ ಮೇಲೆ ಕೂತಿರುತ್ತದೆ. ಝೀರೋ ಮಾಡುವಾಗ ನಾವು ಈ ಎರಡನ್ನೂ ಹೊಂದಿಸಿ, ಒಂದು ದೂರದಲ್ಲಿ ಗುಂಡು ಸರಿಯಾಗಿ ಕ್ರಾಸ್ (ಸ್ಕೋಪಿನಲ್ಲಿ ಕಾಣುವ ಕೂಡುಗೆರೆ) ನಡುವೆ ಬೀಳುವಂತೆ ಮಾಡುತ್ತೇವೆ. ಆ ದೂರ ದಾಟಿದ ಮೇಲೆ ಗುಂಡು ನೋಟದ ಗೆರೆಯ ಕೆಳಗೇ ಹೋಗುತ್ತದೆ, ಹಾಗಾಗಿ ಅಷ್ಟು ಎತ್ತಿ ಹಿಡಿಯಬೇಕು. ಬರೀ ಕ್ರಾಸ್ ಇದ್ದರೆ ಎಷ್ಟು ಎತ್ತಬೇಕು ಎಂಬುದು ಅಂದಾಜಿನ ಮೇಲೆ ನಿಂತಿರುತ್ತದೆ. ಕೆಳಗಿನ ಕಡ್ಡಿಯಲ್ಲಿ ಗೆರೆಗಳೋ ಚುಕ್ಕಿಗಳೋ ಇದ್ದರೆ ಅಳತೆ ಸಿಗುತ್ತದೆ. ನಡುವಿನ ಕ್ರಾಸ್ ಬಿಟ್ಟು ಎರಡನೇ ಚುಕ್ಕಿಯನ್ನು ಗುರಿಯ ಮೇಲಿಟ್ಟು ಹೊಡೆದರೆ ಆಯಿತು. ಸ್ಕೋಪಿನ ಮೇಲಿನ ಗುರಿ ಹೊಂದಿಸುವ ತಿರುಪು ತಿರುಗಿಸುವ ಗೋಜಿಲ್ಲ.

ಈಗ ಕಾನೂನಿನ ಮಾತು, ಯಾಕೆಂದರೆ ಇದು ಗೊತ್ತಿಲ್ಲದೆ ಸ್ಕೋಪ್ ಕೊಳ್ಳುವವರು ನಮ್ಮಲ್ಲಿ ಬಹಳ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಭಾರತದಲ್ಲಿ ಈಗ ಶೋಕಿಗೆ ಬೇಟೆ ಎಂಬುದೇ ಇಲ್ಲ. ಬಂದೂಕಿನ ಲೈಸೆನ್ಸ್ ಬೇರೆ, ಪ್ರಾಣಿ ಹೊಡೆಯುವ ಅನುಮತಿ ಬೇರೆ. ಹೊಲಕ್ಕೆ ನುಗ್ಗುವ ಕಾಡುಹಂದಿಯ ವಿಷಯದಲ್ಲಿ ಕೂಡ, ಆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತವಾಗಿ ಅನುಮತಿ ಕೊಟ್ಟರೆ ಮಾತ್ರ. ಸ್ವಂತ ಹೊಲ, ಸ್ವಂತ ಬೆಳೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೊಪ್ಪಳ, ರಾಯಚೂರು ಕಡೆ ಕಡಲೆ ಹೊಲದಲ್ಲಿ ಮೇಯುವ ಚಿಗರಿ, ನವಿಲು, ಇವುಗಳ ತಂಟೆಗೆ ಹೋಗುವ ಯೋಚನೆಯನ್ನೇ ಮಾಡಬೇಡಿ. ಏರ್‌ಗನ್ನಿಗೂ ಇದೇ ಮಾತು. 2016ರ ಆಯುಧ ನಿಯಮದ ಪ್ರಕಾರ 0.177 ಬೋರ್ ಮೀರದ, 20 ಜೂಲ್ ದಾಟದ ಏರ್‌ಗನ್ನಿಗೆ ಲೈಸೆನ್ಸ್ ಬೇಡ ನಿಜ, ಅದರಿಂದ ಮೊಲ, ಕೌಜುಗ ಹೊಡೆಯಬಹುದು ಎಂದು ಅರ್ಥವಲ್ಲ.

ಹಾಗಾದರೆ ಈ ಸ್ಕೋಪ್ ಯಾರಿಗೆ? ಕಾಗದದ ಗುರಿ, ಕಬ್ಬಿಣದ ತಟ್ಟೆ ಹೊಡೆದು ಕೈ ಪಳಗಿಸುವವರಿಗೆ. ಇಲಾಖೆಯ ಅನುಮತಿ ಕೈಯಲ್ಲಿರುವ ರೈತರಿಗೆ. ಟೆಕ್ಸಾಸಿನಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆಸಿ, ಅಲ್ಲಿನ ಲೈಸೆನ್ಸ್ ಮಾಡಿಸಿಕೊಂಡು ಜಿಂಕೆಗೋ ಹಂದಿಗೋ ಹೋಗುವ ನಮ್ಮವರಿಗೆ. ಇನ್ನೊಂದು ಗುಂಪಿಗೆ ಇದು ಬೇಡವೇ ಬೇಡ: ಮಗನನ್ನೋ ಮಗಳನ್ನೋ 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ತಯಾರು ಮಾಡುವ ಅಪ್ಪ ಅಮ್ಮಂದಿರು. ಆ ಸ್ಪರ್ಧೆಯಲ್ಲಿ ಸ್ಕೋಪ್ ಹಾಕುವಂತಿಲ್ಲ, ಸಣ್ಣ ತೂತಿನ ಡಯಾಪ್ಟರ್ ಸೈಟ್ ಮಾತ್ರ. ಸುಮ್ನೆ ದುಡ್ಡು ಹಾಳು.

ಜನ ಸಾಮಾನ್ಯವಾಗಿ ಉಲ್ಟಾ ತಿಳಿದಿರುವ ಸಂಗತಿ ಒಂದಿದೆ. ದೊಡ್ಡ ರೈಫಲ್ಲಿಗೆ ಗೆರೆ ಜಾಸ್ತಿ ಬೇಕು, ಏರ್‌ಗನ್ನಿಗೆ ಬರೀ ಕ್ರಾಸ್ ಸಾಕು ಎನ್ನುತ್ತಾರೆ. ನಮ್ಮ ದೂರಗಳಿಗೆ ಇದು ತಿರುಗುಮುರುಗು. ಥರ್ಟಿ-ಆಟ್-ಸಿಕ್ಸ್ ತರದ ವೇಗದ ರೈಫಲ್ಲನ್ನು 180 ಮೀಟರ್‌ಗೆ ಝೀರೋ ಮಾಡಿದರೆ, ಮೊದಲಿಂದ 200 ಮೀಟರ್‌ವರೆಗೂ ಗುಂಡು ನೋಟದ ಗೆರೆಯಿಂದ ಆರೇಳು ಸೆಂಟಿಮೀಟರ್‌ಗಿಂತ ಆಚೀಚೆ ಹೋಗುವುದಿಲ್ಲ. ದೊಡ್ಡ ಪ್ರಾಣಿಯ ಎದೆಯ ಭಾಗ ಅದಕ್ಕಿಂತ ಎಷ್ಟೋ ಅಗಲ. ಅಲ್ಲಿ ಗೆರೆ ಎಣಿಸುವ ಕೆಲಸವೇ ಇಲ್ಲ, ನಡುವಿಗೆ ಹಿಡಿದು ಹೊಡೆದರಾಯಿತು. ಸಂಜೆ ಮಬ್ಬಿನಲ್ಲಿ ಮೆಕ್ಕೆಜೋಳದ ಹೊಲದ ಅಂಚಿಗೆ 40 ಮೀಟರ್‌ನಲ್ಲಿ ಬರುವ ಹಂದಿಗೆ, ಅನುಮತಿ ಇದ್ದವರಿಗೆ ಕೂಡ, ಹೋಲ್ಡ್‌ಓವರ್ ಯಾತಕ್ಕೂ ಬೇಕಾಗುವುದಿಲ್ಲ. ಬೇಕಾಗುವುದು ಬೆಳಕು ಮತ್ತು ಅಗಲ ನೋಟ. ಆ ಕೆಲಸಕ್ಕೆ 1-4 ಅಥವಾ 2-7ರ ಝೂಮ್ ಇರುವ ಸರಳ ಸ್ಕೋಪ್, ನಡುವೆ ಕೆಂಪಗೆ ಬೆಳಗುವ ಒಂದು ಚುಕ್ಕಿ ಇದ್ದರೆ ಅದೇ ಸರಿ.

0.22ಕ್ಕೆ ಬನ್ನಿ. 50 ಮೀಟರ್‌ಗೆ ಝೀರೋ ಮಾಡಿದ ಸಾಧಾರಣ ವೇಗದ 0.22 ಗುಂಡು 100 ಮೀಟರ್‌ಗೆ ಹೋಗುವಷ್ಟರಲ್ಲಿ ಹೆಚ್ಚುಕಮ್ಮಿ ಒಂದು ಗೇಣು ಕೆಳಗೆ ಬಿದ್ದಿರುತ್ತದೆ. ಪೆಲೆಟ್, ಅಂದರೆ ಏರ್‌ಗನ್ನಿನ ಸಣ್ಣ ಗುಂಡು, ಇನ್ನೂ ಬೇಗ ಬೀಳುತ್ತದೆ. ಸೆಕೆಂಡಿಗೆ 230 ಮೀಟರ್ ವೇಗದಲ್ಲಿ ಹೊರಡುವ 8.4 ಗ್ರೇನ್ (ಸುಮಾರು ಅರ್ಧ ಗ್ರಾಂ) ತೂಕದ ಪೆಲೆಟ್ ಇದೆ, ಸ್ಕೋಪ್ ನಳಿಗೆಗಿಂತ 4.5 ಸೆಂಟಿಮೀಟರ್ ಮೇಲಿದೆ, 25 ಮೀಟರ್‌ಗೆ ಝೀರೋ ಮಾಡಿದ್ದೀರಿ ಎಂದುಕೊಳ್ಳಿ. ಲೆಕ್ಕ ಹಾಕಿದರೆ 15 ಮೀಟರ್‌ನಲ್ಲೂ ಪೆಲೆಟ್ ನಡುವಿಗೇ ಬೀಳುತ್ತದೆ. 10 ಮೀಟರ್‌ನಲ್ಲಿ ಸುಮಾರು 1 ಸೆಂಟಿಮೀಟರ್ ಕೆಳಗೆ, 30ರಲ್ಲಿ ಮತ್ತೆ 1 ಸೆಂಟಿಮೀಟರ್ ಕೆಳಗೆ. ಇಲ್ಲಿಯವರೆಗೆ ತೊಂದರೆ ಇಲ್ಲ. 40ರಲ್ಲಿ ಐದಾರು ಸೆಂಟಿಮೀಟರ್, 45ರಲ್ಲಿ 9, 50ರಲ್ಲಿ 13-14. ಕೊನೆಯ ಎರಡು ಅಂಕಿ ಮತ್ತೊಮ್ಮೆ ನೋಡಿ. ದೂರ ಅಂದಾಜು ಮಾಡುವಾಗ 5 ಮೀಟರ್ ತಪ್ಪಿದರೆ ಗುರಿ ನಾಲ್ಕೈದು ಸೆಂಟಿಮೀಟರ್ ತಪ್ಪುತ್ತದೆ. ನಿಧಾನದ ಬಂದೂಕಿಗೇ ಗೆರೆಗಳು ಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಸಾಧ್ಯವಿದ್ದರೆ ಒಂದು ಲೇಸರ್ ದೂರಮಾಪಕವನ್ನೂ ಇಟ್ಟುಕೊಳ್ಳಿ. ಬಯಲು ಎರೆ ಹೊಲದಲ್ಲಿ ಕಣ್ಣಳತೆ ನಂಬುವಂತಿಲ್ಲ.

0.315ರ ಕಥೆ ಬೇರೆ. ಭಾರದ ಗುಂಡು, ಹಳೇ ಕಾಲದ ವೇಗ. ಪೆಟ್ಟಿಗೆ ಮೇಲೆ 0.308 ರೈಫಲ್ಲಿಗೆಂದು ಹಾಕಿದ ಲೆಕ್ಕವನ್ನು ಇದಕ್ಕೆ ಹಚ್ಚಿದರೆ ಪ್ರತಿ ಗುಂಡೂ ಕೆಳಗೇ ಹೋಗುತ್ತದೆ. ಇದಕ್ಕೆ ಸ್ಕೋಪ್ ಕೊಳ್ಳುವ ಮೊದಲು ಬಂದೂಕಿನ ಮೇಲೆ ಸ್ಕೋಪ್ ಕೂರಿಸುವ ಬೇಸ್ ಇದೆಯೇ ನೋಡಿ. ಎಷ್ಟೋ ಬಂದೂಕುಗಳಲ್ಲಿ ತೆರೆದ ಸೈಟ್ ಬಿಟ್ಟರೆ ಏನೂ ಇರುವುದಿಲ್ಲ. ಆಗ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಹೋಗಬೇಕು, ಲೇತ್ ಅಂಗಡಿಯಲ್ಲಿ ತೂತು ಹೊಡೆಸುವ ಕೆಲಸ ಅಲ್ಲ ಅದು.

ಇನ್ನು ರೆಟಿಕಲ್. ಮಾರುಕಟ್ಟೆಯಲ್ಲಿ ಎರಡು ಜಾತಿ. ಒಂದು, ಬಿ.ಡಿ.ಸಿ. ಎನ್ನುವುದು, ಅಂದರೆ ಒಂದು ಗುಂಡು ಬೀಳುವ ಲೆಕ್ಕಕ್ಕೆ ಗೆರೆ ಹಾಕಿದ ರೆಟಿಕಲ್. ವೋರ್ಟೆಕ್ಸ್‌ನ ಡೆಡ್-ಹೋಲ್ಡ್, ಬರಿಸ್‌ನ ಬ್ಯಾಲಿಸ್ಟಿಕ್ ಪ್ಲೆಕ್ಸ್, ನಿಕಾನ್‌ನ ಸಣ್ಣ ಸಣ್ಣ ವೃತ್ತಗಳ ಬಿ.ಡಿ.ಸಿ. ಇವೆಲ್ಲ ಈ ಜಾತಿ. ನಿಕಾನ್ 2020ರ ಹೊತ್ತಿಗೆ ರೈಫಲ್ ಸ್ಕೋಪ್ ಮಾಡುವುದನ್ನೇ ಬಿಟ್ಟಿದೆ, ಈಗ ಸಿಕ್ಕರೆ ಹಳೇ ಮಾಲು ಎಂದು ತಿಳಿಯಿರಿ. ಇಂಥ ರೆಟಿಕಲ್‌ಗಳಲ್ಲಿ ಗೆರೆಗಳ ನಡುವಿನ ಅಂತರ ಸಮನಾಗಿರಬೇಕೆಂದಿಲ್ಲ. ಕೆಳಗೆ ಹೋದಂತೆ ಅಗಲವಾಗುತ್ತಾ ಹೋಗಬಹುದು, ಯಾಕೆಂದರೆ ಗುಂಡು ದೂರ ಹೋದಂತೆ ಜಾಸ್ತಿ ಬೀಳುತ್ತದೆ. ನೋಡಲು ಖಾಲಿ ಖಾಲಿ, ಕಣ್ಣಿಗೆ ಹಿತ. ವೇಗದ ರೈಫಲ್ ಇದ್ದು, ಕಂಪನಿ ಹೇಳಿದ ಗುಂಡನ್ನೇ ಹಾಕುವ ಅಮೆರಿಕದ ಬೇಟೆಗಾರನಿಗೆ ಇದು ಸರಿಯಾದ ಸಾಮಾನು.

ಎರಡನೆಯದು ಅಳತೆಯ ರೆಟಿಕಲ್. ಇಲ್ಲಿ ಗೆರೆಗಳು ಯಾವ ಗುಂಡಿಗೂ ಸೇರಿದವಲ್ಲ, ಬರೀ ಕೋನದ ಅಳತೆ, ಎಲ್ಲಾ ಸಮ ಅಂತರದಲ್ಲಿ. ಮಿಲ್ ಅಥವಾ ಎಂ.ಓ.ಎ. ಎಂಬ ಎರಡು ಲೆಕ್ಕ. 1 ಮಿಲ್ ಅಂದರೆ 100 ಮೀಟರ್‌ನಲ್ಲಿ 10 ಸೆಂಟಿಮೀಟರ್, 50ರಲ್ಲಿ 5, 25ರಲ್ಲಿ ಎರಡೂವರೆ. 1 ಎಂ.ಓ.ಎ. ಅಂದರೆ 100 ಮೀಟರ್‌ನಲ್ಲಿ 2.9 ಸೆಂಟಿಮೀಟರ್. ನಾವು ಮೀಟರ್, ಸೆಂಟಿಮೀಟರ್‌ನಲ್ಲಿ ಬೆಳೆದವರು, ನಮಗೆ ಮಿಲ್ ಲೆಕ್ಕ ಬಾಯಲ್ಲೇ ಆಗುತ್ತದೆ ಅಲ್ವಾ? ಮೇಲಿನ ಏರ್‌ಗನ್ ಉದಾಹರಣೆಯಲ್ಲಿ 50 ಮೀಟರ್‌ಗೆ 13.5 ಸೆಂಟಿಮೀಟರ್ ಎತ್ತಬೇಕು, ಒಂದು ಮಿಲ್‌ಗೆ 5 ಸೆಂಟಿಮೀಟರ್, ಹಾಗಾದರೆ 2.7 ಮಿಲ್. 40 ಮೀಟರ್‌ಗೆ 1.4 ಮಿಲ್. ಅಷ್ಟೇ. ನಮ್ಮ ಬಂದೂಕುಗಳಿಗೆ ನನ್ನ ಸಲಹೆ ಯಾವಾಗಲೂ ಈ ಜಾತಿಯದ್ದೇ, ಅದರಲ್ಲೂ ಅರ್ಧ ಮಿಲ್‌ಗೊಂದು ಗೆರೆ ಇರುವುದು. ಬ್ರಿಟನ್ನಿನ ಹಾಕ್ ಕಂಪನಿಯ ಹಾಫ್ ಮಿಲ್‌ಡಾಟ್ ಇದಕ್ಕೆ ಒಳ್ಳೆ ಮಾದರಿ, ಏರ್‌ಗನ್ ಹಿಡಿಯುವವರು ಅದನ್ನು ಇಷ್ಟಪಡುತ್ತಾರೆ. ಅಡ್ಡ ಗೆರೆಯಲ್ಲೂ ಗುರುತುಗಳಿರಲಿ. ಆಷಾಢದ ಗಾಳಿ ಬೀಸುವಾಗ ರಾಯಚೂರು, ಕೊಪ್ಪಳದ ಬಯಲಿನಲ್ಲಿ ಪೆಲೆಟ್ ಬೀಳುವುದಕ್ಕಿಂತ ಪಕ್ಕಕ್ಕೆ ಹೋಗುವುದೇ ದೊಡ್ಡ ತಲೆನೋವು. ಕ್ರಿಸ್‌ಮಸ್ ಗಿಡದ ಹಾಗೆ ಕೆಳಗೆಲ್ಲ ಚುಕ್ಕಿ ತುಂಬಿದ ರೆಟಿಕಲ್‌ಗಳೂ ಇವೆ. ಒಂದು ಕಿಲೋಮೀಟರ್ ದೂರ ಹೊಡೆಯುವವರಿಗೆ ಅವು ಬೇಕು. 50-100 ಮೀಟರ್‌ನಲ್ಲಿ ಅದು ಕಣ್ಣಿಗೆ ಕಸ.

ಸ್ಕೋಪ್ ತಿರುಪು ಮಿಲ್‌ನಲ್ಲಿದ್ದರೆ ರೆಟಿಕಲ್ ಕೂಡ ಮಿಲ್‌ನಲ್ಲೇ ಇರಲಿ. ರೆಟಿಕಲ್ ಮಿಲ್, ತಿರುಪು ಎಂ.ಓ.ಎ. ಇರುವ ಅಗ್ಗದ ಸ್ಕೋಪ್‌ಗಳು ಬೇಕಾದಷ್ಟಿವೆ. ಝೀರೋ ಮಾಡುವಾಗ ಅವು ತಲೆ ಕೆಡಿಸುತ್ತವೆ.

ಈಗ ಬಹಳ ಜನ ಎಡವುವ ಜಾಗ. ಸೆಕೆಂಡ್ ಫೋಕಲ್ ಪ್ಲೇನ್, ಫಸ್ಟ್ ಫೋಕಲ್ ಪ್ಲೇನ್ ಎಂಬ ಎರಡು ಬಗೆ. ಝೂಮ್ ತಿರುಗಿಸಿದಾಗ ಗುರಿ ದೊಡ್ಡದಾದರೂ ಗೆರೆಗಳು ಇದ್ದ ಹಾಗೇ ಇದ್ದರೆ ಅದು ಸೆಕೆಂಡ್. ಗುರಿಯ ಜೊತೆಗೆ ಗೆರೆಗಳೂ ದೊಡ್ಡವಾದರೆ ಫಸ್ಟ್. ಸೆಕೆಂಡ್‌ನಲ್ಲಿ ಗೆರೆಯ ಅಳತೆ ಒಂದೇ ಒಂದು ಝೂಮ್‌ನಲ್ಲಿ ಸರಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ. 4-12 ಸ್ಕೋಪ್ ತೆಗೆದುಕೊಳ್ಳಿ. 12ರಲ್ಲಿ ಒಂದು ಗೆರೆ 1 ಮಿಲ್ ಆದರೆ 6ರಲ್ಲಿ ಅದೇ ಗೆರೆ 2 ಮಿಲ್, 4ರಲ್ಲಿ 3 ಮಿಲ್. ಯಾರೋ 6ರಲ್ಲಿ ಇಟ್ಟುಕೊಂಡು, ಪಟ್ಟಿಯಲ್ಲಿ ಬರೆದಂತೆ 2.7 ಗೆರೆ ಎತ್ತಿ 50 ಮೀಟರ್‌ಗೆ ಹೊಡೆದರೆ ಪೆಲೆಟ್ 13-14 ಸೆಂಟಿಮೀಟರ್ ಮೇಲೆ ಹೋಗುತ್ತದೆ. ಬಂದೂಕು ಕೆಟ್ಟಿದೆ, ಸ್ಕೋಪ್ ಡೂಪ್ಲಿಕೇಟ್ ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗುವವರಲ್ಲಿ ಎಷ್ಟೋ ಜನರ ಸಮಸ್ಯೆ ಇದೇ, ಝೂಮ್ ಉಂಗುರ ತಪ್ಪು ಜಾಗದಲ್ಲಿತ್ತು, ಬೇರೇನೂ ಇಲ್ಲ.

ಹಾಗಾದರೆ ಫಸ್ಟ್ ಫೋಕಲ್ ಪ್ಲೇನ್ ಕೊಂಡರೆ ಮುಗಿಯಿತಲ್ಲ ಎನ್ನಬಹುದು. ಯಾವ ಝೂಮ್‌ನಲ್ಲೂ ಗೆರೆ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಬೆಲೆ ಜಾಸ್ತಿ. ಕಡಿಮೆ ಝೂಮ್‌ನಲ್ಲಿ ಗೆರೆಗಳು ಕೂದಲಿನಷ್ಟು ಸಣ್ಣಗಾಗಿ, ಸಂಜೆ ಹೊತ್ತು ಒಣ ಹುಲ್ಲಿನ ಹಿನ್ನೆಲೆಯಲ್ಲಿ ಕಾಣುವುದೇ ಇಲ್ಲ. ಬೆಳಗುವ ರೆಟಿಕಲ್ ಇದ್ದರೆ ಮಾತ್ರ ಆಗ ಬಳಸಬಹುದು. ಕೂತು ಕಾಗದಕ್ಕೆ ಹೊಡೆಯುವವರು, ಬೇರೆ ಬೇರೆ ದೂರಕ್ಕೆ ಝೂಮ್ ಬದಲಿಸುತ್ತಾ ಆಡುವವರು ಫಸ್ಟ್ ತೆಗೆದುಕೊಳ್ಳಲಿ. ಒಂದೇ ಝೂಮ್‌ನಲ್ಲಿ ಬಿಟ್ಟು ಮರೆತುಬಿಡುವವರಿಗೆ ಸೆಕೆಂಡ್ ಸಾಕು. 3-9ರ ಸ್ಕೋಪನ್ನು 9ರಲ್ಲಿ ಇಟ್ಟು, ಉಂಗುರದ ಮೇಲೆ ಬಿಳಿ ಬಣ್ಣದ ಒಂದು ಗೀಟು ಹಾಕಿ. ಹೊಡೆಯುವ ಮೊದಲು ಗೀಟು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಎಷ್ಟು ಝೂಮ್ ಬೇಕು? 24, 32 ಎಂದು ಆಸೆ ಪಡಬೇಡಿ. ನಮ್ಮ ಊರಿನ ಬೇಸಿಗೆ ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಬೆಳಿಗ್ಗೆ ಹತ್ತು ಗಂಟೆ ಆಗುವಷ್ಟರಲ್ಲಿ ನೆಲದಿಂದ ಕಾವು ಏಳುತ್ತದೆ, ಸ್ಕೋಪಿನಲ್ಲಿ ಗುರಿ ನಡುಗುತ್ತದೆ, ಝೂಮ್ ಹೆಚ್ಚಿಸಿದಷ್ಟೂ ಆ ನಡುಗು ಕೂಡ ಹೆಚ್ಚುತ್ತದೆ. ಕಾವು ಎದ್ದಾಗ ಗುರಿ ಇದ್ದ ಜಾಗಕ್ಕಿಂತ ಸ್ವಲ್ಪ ಮೇಲೆ ಕಂಡು ಮೋಸ ಮಾಡುವುದೂ ಉಂಟು. ಮಧ್ಯಾಹ್ನ ಎರೆ ಹೊಲದ ಮೇಲೆ 16ರ ಝೂಮ್ ಇಟ್ಟು ಚಿಕ್ಕ ಚುಕ್ಕಿ ನೋಡಲು ಆಗುವುದಿಲ್ಲ. 100 ಮೀಟರ್ ಒಳಗಿನ ಕೆಲಸಕ್ಕೆ 9 ಅಥವಾ 12 ಧಾರಾಳವಾಯಿತು. ಝೀರೋ ಮಾಡುವುದನ್ನೂ ಸೂರ್ಯ ಮೇಲೇರುವ ಮೊದಲೇ ಮುಗಿಸಿ.

ಬೆಳಕಿನ ಲೆಕ್ಕವೂ ಇಲ್ಲೇ ಬರುತ್ತದೆ. ಮುಂದಿನ ಗಾಜಿನ ಅಗಲವನ್ನು ಝೂಮ್‌ನಿಂದ ಭಾಗಿಸಿ. 40 ಮಿಲಿಮೀಟರ್ ಗಾಜು, 4ರ ಝೂಮ್, ಕಣ್ಣಿಗೆ ಬರುವ ಬೆಳಕಿನ ವೃತ್ತ 10 ಮಿಲಿಮೀಟರ್. 12ರ ಝೂಮ್‌ನಲ್ಲಿ 3.3 ಮಾತ್ರ. ಮಬ್ಬುಗತ್ತಲಲ್ಲಿ ನಮ್ಮ ಕಣ್ಣಿನ ಪಾಪೆ 5ರಿಂದ 7 ಮಿಲಿಮೀಟರ್ ತೆರೆಯುತ್ತದೆ, ಹಾಗಾಗಿ ಕತ್ತಲಾದಂತೆ ಝೂಮ್ ಇಳಿಸಬೇಕು. ಸೆಕೆಂಡ್ ಫೋಕಲ್ ಪ್ಲೇನ್‌ನಲ್ಲಿ ಝೂಮ್ ಇಳಿಸಿದರೆ ಗೆರೆಯ ಅಳತೆ ಬದಲಾಗುತ್ತದೆ ಎಂಬುದನ್ನು ಈಗಷ್ಟೇ ಹೇಳಿದೆ. ಮಬ್ಬಿನಲ್ಲಿ ಹತ್ತಿರದಿಂದ, ನಡುವಿನ ಕ್ರಾಸ್‌ನಿಂದ ಮಾತ್ರ ಹೊಡೆಯುವುದೇ ಒಳ್ಳೆಯದು. ದೂರದ ಹೊಡೆತ ಬೆಳಕಿರುವಾಗಿನ ಕೆಲಸ. 50, 56 ಮಿಲಿಮೀಟರ್ ಗಾಜಿನ ಭಾರದ ಸ್ಕೋಪ್‌ಗಳಿಗೆ ಎತ್ತರದ ಮೌಂಟ್ (ಸ್ಕೋಪನ್ನು ಬಂದೂಕಿಗೆ ಹಿಡಿದಿಡುವ ಭಾಗ) ಬೇಕು, ಆಗ ಕೆನ್ನೆ ಬಂದೂಕಿನ ಕಟ್ಟಿಗೆಗೆ ಸರಿಯಾಗಿ ಕೂರುವುದಿಲ್ಲ. 40 ಅಥವಾ 44 ನನಗೆ ಇಷ್ಟ.

ಪ್ಯಾರಲಾಕ್ಸ್ ಬಗ್ಗೆ ಅಂಗಡಿಯವರು ಹೇಳುವುದೇ ಇಲ್ಲ, ನೀವೇ ಕೇಳಬೇಕು. ಕಣ್ಣು ಸ್ವಲ್ಪ ಆಚೀಚೆ ಮಾಡಿದಾಗ ಕ್ರಾಸ್ ಗುರಿಯ ಮೇಲೆ ಜಾರಿದಂತೆ ಕಾಣುವುದೇ ಈ ದೋಷ. ದೊಡ್ಡ ರೈಫಲ್ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ, 0.22ಕ್ಕೆ ಮಾಡಿದವನ್ನು 50 ಗಜಕ್ಕೆ. 100 ಗಜಕ್ಕೆ ಹೊಂದಿಸಿದ್ದನ್ನು ಏರ್‌ಗನ್ ಮೇಲೆ ಕೂರಿಸಿ 15 ಮೀಟರ್ ನೋಡಿದರೆ ಗುರಿ ಮಸುಕು, ಕ್ರಾಸ್ ಜಾರುತ್ತದೆ. ಏರ್‌ಗನ್ನಿಗೆ ಮುಂದಿನ ಗಾಜೋ ಪಕ್ಕದ ತಿರುಪೋ ತಿರುಗಿಸಿ 10 ಗಜದವರೆಗೆ ಹೊಂದಿಸಬಹುದಾದ ಸ್ಕೋಪ್ ಕಡ್ಡಾಯ.

ಸ್ಪ್ರಿಂಗ್ ಏರ್‌ಗನ್ ಇರುವವರಿಗೆ ಇನ್ನೊಂದು ಎಚ್ಚರಿಕೆ. ಅದು ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ಮುಂದೆ ಬಡಿದಾಗ ಮುಂದಕ್ಕೂ ಜಗ್ಗುತ್ತದೆ. ದೊಡ್ಡ ರೈಫಲ್ಲಿನ ಒದೆತ ತಡೆದುಕೊಳ್ಳುವ ಸ್ಕೋಪ್ ಕೂಡ ಈ ಎರಡು ಕಡೆಯ ಏಟಿಗೆ ಒಳಗೆ ಸಡಿಲಾಗಬಹುದು. ಸ್ಪ್ರಿಂಗ್ ಏರ್‌ಗನ್ನಿಗೆ ಸರಿ ಎಂದು ಕಂಪನಿ ಬರೆದುಕೊಟ್ಟಿದ್ದರೆ ಮಾತ್ರ ತೆಗೆದುಕೊಳ್ಳಿ. ಮೌಂಟ್ ಹಿಂದಕ್ಕೆ ಸರಿಯದಂತೆ ತಡೆಯುವ ಪಿನ್ ಇರುವ 11 ಮಿಲಿಮೀಟರ್ ಡವ್‌ಟೇಲ್ ಮೌಂಟ್ ಬೇಕು. ಗಾಳಿ ತುಂಬುವ ಪಿ.ಸಿ.ಪಿ. ಬಂದೂಕಿಗೆ ಈ ಸಮಸ್ಯೆ ಇಲ್ಲ.

0.315, ಥರ್ಟಿ-ಆಟ್-ಸಿಕ್ಸ್ ಹಿಡಿಯುವವರು ಕಣ್ಣಿನ ದೂರ ನೋಡಿ. ಪೂರ್ತಿ ಚಿತ್ರ ಕಾಣುವಾಗ ಕಣ್ಣು ಮತ್ತು ಗಾಜಿನ ನಡುವೆ 9-10 ಸೆಂಟಿಮೀಟರ್ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬಂದೂಕು ಒದ್ದಾಗ ಸ್ಕೋಪ್ ಬಡಿದು ಹುಬ್ಬು ಒಡೆಯುತ್ತದೆ.

ಸಂಡೂರು ಕಡೆಯವರಿಗೆ ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಅದಿರಿನ ಕೆಂಪು ಧೂಳು ಗಾಜಿನ ಮೇಲೆ ಕೂತಾಗ ಅಂಗಿ ತುದಿಯಿಂದ ಒರೆಸಿದರೆ ಲೇಪನದ ಮೇಲೆ ಗೀರು ಬೀಳುತ್ತದೆ. ಮೊದಲು ಊದುವ ರಬ್ಬರ್ ಬಲ್ಬ್, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಬಟ್ಟೆ. ಎರಡೂ ಕಡೆ ಮುಚ್ಚಳ ಇರುವ ಸ್ಕೋಪ್ ತೆಗೆದುಕೊಳ್ಳಿ. ಒಳಗೆ ನೈಟ್ರೋಜನ್ ತುಂಬಿದೆ, ನೀರು ಹೋಗುವುದಿಲ್ಲ ಎಂಬ ಖಾತ್ರಿ ಇರಲಿ. ಬಿಸಿಲಲ್ಲಿ ಗಾಜು ಮುಚ್ಚಿದ ಕಾರಿನ ಹಿಂದಿನ ಸೀಟಿನಲ್ಲಿ ಸ್ಕೋಪ್ ಬಿಡಬೇಡಿ.

ಕೊಂಡು ತಂದ ಮೇಲೆ ಪಟ್ಟಿ ಮಾಡುವುದು ಹೀಗೆ. ಮೊದಲು ಜಾಗ. ಹಿಂದೆ ಮಣ್ಣಿನ ದಿಬ್ಬ ಇರಬೇಕು, ಎತ್ತರದ ಒಡ್ಡು ಇದ್ದರೆ ಚೆನ್ನ. ನಮ್ಮ ಗುಡ್ಡಗಳ ಬಂಡೆಗಲ್ಲು ಹಿಂದಿರುವ ಕಡೆ ಎಂದೂ ಹೊಡೆಯಬೇಡಿ. ಕಲ್ಲಿಗೆ ಬಡಿದ ಗುಂಡು ಎತ್ತ ಚಿಮ್ಮುತ್ತದೋ ಯಾರೂ ಹೇಳಲಾರರು, ಪೆಲೆಟ್ ಕೂಡ ಕಣ್ಣಿಗೆ ತಿರುಗಿ ಬರಬಹುದು. 0.22 ಗುಂಡು ಒಂದು ಕಿಲೋಮೀಟರ್ ಮೇಲೆ ಹೋಗುತ್ತದೆ. ಕುರಿ ಕಾಯುವವರು, ಹತ್ತಿ ಬಿಡಿಸುವವರು ಎಲ್ಲಿದ್ದಾರೆ ಎಂದು ನೋಡಿಕೊಂಡೇ ಶುರು ಮಾಡಿ. ಲೈಸೆನ್ಸ್ ಬಂದೂಕಾದರೆ ಲೈಸೆನ್ಸ್‌ನಲ್ಲಿ ಬರೆದ ಉದ್ದೇಶ ಮೀರಬೇಡಿ, ಎಲ್ಲಿ ಹೊಡೆದು ನೋಡಬಹುದು ಎಂದು ಠಾಣೆಯಲ್ಲಿ ಕೇಳಿಕೊಳ್ಳಿ.

ಆಮೇಲೆ ಟೇಪ್ ಹಿಡಿದು ದೂರ ಅಳೆಯಿರಿ, ಹೆಜ್ಜೆ ಲೆಕ್ಕ ಬೇಡ. ಏರ್‌ಗನ್ ಆದರೆ 25 ಮೀಟರ್‌ಗೆ ಝೀರೋ ಮಾಡಿ, ನಂತರ 10ರಿಂದ 50ರವರೆಗೆ ಐದೈದು ಮೀಟರ್‌ಗೆ ಒಂದೊಂದು ಉದ್ದನೆಯ ಕಾಗದ ನಿಲ್ಲಿಸಿ. ಎಲ್ಲಾ ಕಾಗದಕ್ಕೂ ನಡುವಿನ ಕ್ರಾಸ್ ಇಟ್ಟೇ ಐದೈದು ಪೆಲೆಟ್ ಹೊಡೆಯಿರಿ. ಗುಂಪಿನ ನಡುವಿನಿಂದ ಗುರಿಯ ಚುಕ್ಕಿಯವರೆಗೆ ಸ್ಕೇಲ್ ಇಟ್ಟು ಅಳೆದು, ಆ ದೂರದ ಮಿಲ್ ಅಳತೆಯಿಂದ ಭಾಗಿಸಿ. ಅದನ್ನು ಸಣ್ಣ ಚೀಟಿಯಲ್ಲಿ ಬರೆದು ಬಂದೂಕಿನ ಕಟ್ಟಿಗೆಗೆ ಅಂಟಿಸಿ. ಗುಂಡು ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕುವ ಮೊಬೈಲ್ ಆ್ಯಪ್‌ಗಳು ಸಹಾಯಕ್ಕೆ ಬರುತ್ತವೆ, ಆದರೆ ಅವು ಕೊಟ್ಟ ಅಂಕಿಯನ್ನು ಕಾಗದದ ಮೇಲೆ ಖಾತ್ರಿ ಮಾಡಿಕೊಳ್ಳದೆ ನಂಬಬೇಡಿ. ಆ್ಯಪ್‌ನಲ್ಲಿ ಹವೆ ತುಂಬುವ ಜಾಗ ಇದ್ದರೆ ನಮ್ಮ ಹವೆ ತುಂಬಿ. ಕಂಪನಿ ಲೆಕ್ಕಗಳು ಸಾಮಾನ್ಯವಾಗಿ ಸಮುದ್ರ ಮಟ್ಟ, 15 ಡಿಗ್ರಿ ಎಂದು ಹಿಡಿದವು. ಮೇ ತಿಂಗಳ ಬಳ್ಳಾರಿಯಲ್ಲಿ ಗಾಳಿ ಅದಕ್ಕಿಂತ ಸುಮಾರು ಹತ್ತನೇ ಒಂದು ಭಾಗಕ್ಕೂ ಜಾಸ್ತಿ ತೆಳುವಾಗಿರುತ್ತದೆ. 50 ಮೀಟರ್‌ಗೆ ಇದರಿಂದ ದೊಡ್ಡ ವ್ಯತ್ಯಾಸವಿಲ್ಲ, ಆದರೆ ಡಿಸೆಂಬರ್ ಬೆಳಗಿನ ಪಟ್ಟಿಯನ್ನು ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆ ಮಾಡುವುದು ಒಳ್ಳೆಯದು. ಪೆಲೆಟ್ ಬ್ರಾಂಡ್ ಬದಲಾದರೆ ಮಾತ್ರ ಪಟ್ಟಿ ಪೂರ್ತಿ ಹೊಸದು.

ಗುಡ್ಡದ ಮೇಲಿಂದ ಕೆಳಗೆ, ಅಥವಾ ಕೆಳಗಿಂದ ಮೇಲೆ ಹೊಡೆಯುವಾಗ ಓರೆ ದೂರ ಲೆಕ್ಕಕ್ಕಿಲ್ಲ, ನೆಲಮಟ್ಟದ ದೂರವೇ ಲೆಕ್ಕ. 30 ಡಿಗ್ರಿ ಓರೆಯಲ್ಲಿ 50 ಮೀಟರ್ ಇದ್ದರೆ 43 ಮೀಟರ್‌ನ ಗೆರೆ ಹಿಡಿಯಬೇಕು. ಇದನ್ನು ಮರೆತವರ ಗುಂಡು ಮೇಲೆ ಹೋಗುತ್ತದೆ.

ಬೇಟೆ ಕಾನೂನುಬದ್ಧವಾಗಿರುವ ಕಡೆ ಇರುವವರಿಗೂ, ಇಲ್ಲಿ ಅನುಮತಿ ಪಡೆದವರಿಗೂ ಇದನ್ನು ಕೇಳಿಕೊಳ್ಳುತ್ತೇನೆ. ಕೆಳಗಿನ ಕಡ್ಡಿಯಲ್ಲಿ ಆರು ಗೆರೆ ಇವೆ ಎಂದು ಆರನೇ ಗೆರೆಯಿಂದ ಪ್ರಾಣಿಗೆ ಹೊಡೆಯಬೇಡಿ. ಕಾಗದದ ಮೇಲೆ ಯಾವ ದೂರದವರೆಗೆ ಪ್ರತಿ ಗುಂಡೂ ಎದೆಯ ಅಳತೆಯ ತಟ್ಟೆಯೊಳಗೆ ಬೀಳುತ್ತದೋ ಅದೇ ನಿಮ್ಮ ಗಡಿ. ಗಾಯಗೊಂಡ ಹಂದಿ ಕಬ್ಬಿನ ಗದ್ದೆ ಹೊಕ್ಕರೆ ಮರುದಿನ ನೀರು ಬಿಡಲು ಹೋದವರ ಜೀವಕ್ಕೇ ಅಪಾಯ, ಆ ಪ್ರಾಣಿಯ ನರಳಾಟವಂತೂ ಹೇಳಬಾರದು.

ದುಡ್ಡು ಕೊಡುವ ಮೊದಲು ಅಥವಾ ವಾಪಸ್ ಮಾಡುವ ಅವಧಿ ಮುಗಿಯುವ ಮೊದಲು, ಒಂದೂ ಗುಂಡು ಹಾರಿಸದೆ ಮಾಡಬಹುದಾದ ಪರೀಕ್ಷೆ ಇದೆ. ಗೋಡೆಗೆ ಅಳತೆ ಟೇಪ್ ಇಳಿಬಿಟ್ಟು, ದಪ್ಪ ಮಾರ್ಕರ್‌ನಿಂದ ಐದು ಸೆಂಟಿಮೀಟರ್‌ಗೊಂದು ಗೀಟು ಹಾಕಿ. ಸರಿಯಾಗಿ 50 ಮೀಟರ್ ಹಿಂದೆ ಬಂದು, ಸ್ಕೋಪನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು ನೋಡಿ. ಪ್ರತಿ ಮಿಲ್ ಗೆರೆಯೂ ಒಂದೊಂದು ಗೀಟಿನ ಮೇಲೆ ಕೂರಬೇಕು. ಸೆಕೆಂಡ್ ಫೋಕಲ್ ಆದರೆ ಯಾವ ಝೂಮ್‌ನಲ್ಲಿ ಕೂರುತ್ತದೆ ಎಂದು ಉಂಗುರ ತಿರುಗಿಸಿ ಕಂಡುಹಿಡಿಯಿರಿ, ಉಂಗುರದ ಮೇಲೆ ಬರೆದಿರುವ 9 ನಿಜವಾದ 9 ಆಗಿರುವುದಿಲ್ಲ ಎಷ್ಟೋ ಸಲ. ಆಮೇಲೆ ತಿರುಪನ್ನು 0.1 ಮಿಲ್‌ನ 20 ಕ್ಲಿಕ್ ತಿರುಗಿಸಿ, ಕ್ರಾಸ್ ಎರಡು ಗೀಟು ಸರಿಯಬೇಕು, ವಾಪಸ್ 20 ತಿರುಗಿಸಿದರೆ ಹೊರಟ ಜಾಗಕ್ಕೇ ಬರಬೇಕು. ಬರದಿದ್ದರೆ ಎಷ್ಟೇ ದೊಡ್ಡ ಹೆಸರಿನದಾದರೂ ಆ ಸ್ಕೋಪ್ ವಾಪಸ್ ಕೊಟ್ಟು ಬೇರೆಯದನ್ನು ಕೇಳಿ.